ದುಬ್ರೋವ್ನಿಕ್ ಯಾತ್ರಾಸಂಕಲ್ಪ

“ಶಾಸ್ತ್ರಿಗಳೇ, ಏಡ್ರಿಯಾಟಿಕ್ ಸಮುದ್ರತೀರದಲ್ಲಿ 1940 ಮೀಟರು ಉದ್ದದ ಪ್ರಾಕಾರದಿಂದ ಪರಿವೇಷ್ಟಿತವಾಗಿ, ರಗೂಸಾ ಎಂಬ ನಾಮಧೇಯದಿಂದ ಶತಮಾನಗಳ ಕಾಲ ಗಣರಾಜ್ಯವಾಗಿ ಮೆರೆದು, ಕಡೆಗೆ 1808ರಲ್ಲಿ ನೆಪೋಲಿಯನ್ನನ ಸೇನಾನಿಯ ಒಂದೇ ಆಜ್ಞೆಗೆ ಆ ಪದವಿಯನ್ನು ಕಳೆದುಕೊಂಡ ದುಬ್ರೋವ್ನಿಕ್ ನಗರವನ್ನು ನೋಡದೆ ಈ ಜನ್ಮ ಸಾರ್ಥಕವಾದೀತೆ?”

“ಹಡಗಿನಲ್ಲಿ ಹೋಗೋಣವೋ, ರಾಯರೇ?”

“ಅಹುದು. ಮಹಾಮಾರಿಯ ನಾಡುಗಳಿಂದ ಬಂದವರನ್ನು 30 ದಿನ ಹೊರಗೇ ನಿಲ್ಲಿಸಬೇಕೆಂದು 1377ರಲ್ಲಿ ಶಾಸನ ಮಾಡಿದ ಊರದು. ಈಗಲೋ ವಿಹಾರನೌಕೆಗಳು ಬೆಳಗ್ಗೆ ಸಾವಿರಾರು ಜನರನ್ನು ಇಳಿಸಿ ಸಂಜೆಗೆ ತುಂಬಿಕೊಂಡು ಹೋಗುತ್ತವೆ.”

“ಆ ಶಾಸನ ಇಂದಿಗೂ ಇದ್ದಿದ್ದರೆ 30 ದಿನ ಪುಕ್ಕಟೆಯಾಗಿ ತಂಗಬಹುದಿತ್ತು!” ಎಂದರು ಶಾಸ್ತ್ರಿಗಳು, ಜಮಾಖರ್ಚಿನಲ್ಲಿ ಅವರ ದೃಷ್ಟಿ ಎಂದೂ ಮಸುಕಾದುದಲ್ಲ.

“ಲೊವ್ರಿಯೆನಾತ್ಸ್ ದುರ್ಗದ ದ್ವಾರದ ಮೇಲೆ, ಲೋಕದ ಸಮಸ್ತ ಸುವರ್ಣಕ್ಕೂ ಸ್ವಾತಂತ್ರ್ಯವನ್ನು ಮಾರಲಾಗದೆಂದು ಲ್ಯಾಟಿನ್ನಿನಲ್ಲಿ ಕೆತ್ತಿದ್ದಾರೆ.”

“ಬಹಳ ಸಂತೋಷ. ಆ ದ್ವಾರದೊಳಗೆ ಕಾಲಿಡಲು ಟಿಕೀಟೆಷ್ಟು?”