ತೃಣನಿರ್ಣಯಸಿಂಧು

ಮನುಷ್ಯನು ನೀರೆರೆದು ಬೆಳೆಸುವ ಸಸ್ಯವೆಲ್ಲವೂ ಉಣ್ಣುವುದಕ್ಕೋ ಉಡುವುದಕ್ಕೋ ಮುಡಿಯುವುದಕ್ಕೋ ಒದಗಬೇಕೆಂದು ನಂಬಿಕೊಂಡಿರುವ ಕೃಷೀವಲರ ಅಜ್ಞಾನವನ್ನು ಪರಿಹರಿಸುವ ಸಲುವಾಗಿ, ಅಮೆರಿಕ ಸಂಯುಕ್ತ ಸಂಸ್ಥಾನದ ಮನೆಗಳ ಮುಂದೆ ಮಹಾಪ್ರಯಾಸದಿಂದ ಬೆಳೆಸಲ್ಪಡುವುದೂ, ದನಕರುಗಳ ಬಾಯಿಗೆ ಬೀಳದುದೂ, ಬೆಳೆದೊಡನೆಯೇ ಬೆಳೆದ ಅಪರಾಧಕ್ಕಾಗಿ ಕತ್ತರಿಸಲ್ಪಡುವುದೂ ಆದ ‘ಲಾನ್’ ಎಂಬ ಹುಲ್ಲುಹಾಸಿನ ಧರ್ಮಾಧರ್ಮಗಳನ್ನು ಈ ಲಘುಗ್ರಂಥದಲ್ಲಿ ವಿಚಾರಿಸಲುದ್ಯುಕ್ತರಾಗಿದ್ದೇವೆ. ಗ್ರಂಥಾರಂಭದಲ್ಲಿ ವಿಘ್ನೇಶ್ವರನನ್ನು ಗರಿಕೆಯಿಂದ ಅರ್ಚಿಸುವುದು ಶಿಷ್ಟಾಚಾರವಷ್ಟೆ. ಆದರೆ ಆ ಅರ್ಚನೆಯಲ್ಲಿಯೇ ಮೊದಲನೆಯ ಸಂಶಯವು ತಲೆದೋರುತ್ತದೆ. ಏಕೆಂದರೆ ಆ ಗರಿಕೆಯೇ ಬರ್ಮುಡಾ ಹುಲ್ಲೆಂಬ ನಾಮಾಂತರದಿಂದ ಟೆಕ್ಸಾಸಿನಲ್ಲಿ ಹಾಸಿನ ಪಟ್ಟವನ್ನೇರಿದ್ದರೂ, ಫೆಸ್ಕ್ಯೂ ಎಂಬ ಬೇರೊಂದು ಜಾತಿಯನ್ನು ಬಿತ್ತಿದ ಕ್ಯಾಲಿಫೋರ್ನಿಯದ ಅಂಗಳಕ್ಕೆ ನುಸುಳಿದಾಗ ಕಳೆಯೆನಿಸಿ ವಿಷಪ್ರಾಶನಕ್ಕೆ ಗುರಿಯಾಗುವುದರಿಂದ, ಚೌತಿಯ ದಿನ 21 ಗರಿಕೆಗಳನ್ನರಸಿ ಅಂಗಡಿಗೆ ಹೊರಟ ಅಲ್ಲಿನ ಕನ್ನಡ ಗೃಹಸ್ಥನು ಹಿಂದಿನ ವಾರವಷ್ಟೇ ಅದನ್ನು ಔಷಧ ಹೊಡೆದು ಕೊಂದವನಾಗಿರುವ ಸಂಭವವುಂಟು. ಈ ದೋಷಕ್ಕೆ ಪ್ರಾಯಶ್ಚಿತ್ತವನ್ನು ಯಾವ ಸ್ಮೃತಿಕಾರನೂ ಹೇಳಿಲ್ಲವಾದುದರಿಂದ ಮುಂದುವರಿಯುತ್ತೇವೆ.

ಇನ್ನು ಉತ್ಪತ್ತಿಪ್ರಕರಣ. ಇಂಗ್ಲೆಂಡಿನ ಶ್ರೀಮಂತರು, ಕುಡುಗೋಲಿನ ಆಳುಗಳನ್ನೂ ಕುರಿಗಳನ್ನೂ ಸಾಕಬಲ್ಲೆವೆಂಬುದನ್ನು ಲೋಕಕ್ಕೆ ತೋರ್ಪಡಿಸಲು ಪೋಷಿಸಿಕೊಂಡಿದ್ದ ಈ ಹುಲ್ಲು, 1830ರಲ್ಲಿ ಸ್ಟ್ರೌಡ್ ಎಂಬ ನೇಯ್ಗೆಯೂರಿನ ಎಡ್ವಿನ್ ಬಡ್ಡಿಂಗ್ ಎಂಬಾತನು ಗಿರಣಿಯಲ್ಲಿ ಬಟ್ಟೆಯ ಜುಂಗನ್ನು ಸವರುವ ಯಂತ್ರವನ್ನು ಕಂಡು, ಅಂಥ ಉರುಳುಗತ್ತಿಯನ್ನೇ ನೆಲಕ್ಕೆ ಹೂಡಿದಂದಿನಿಂದ, ಸಾಮಾನ್ಯ ಗೃಹಸ್ಥನ ಕೊರಳಿಗೂ ಬಂದಿತು. ತರುವಾಯ 1870ರಲ್ಲಿ ಫ್ರಾಂಕ್ ಸ್ಕಾಟ್ ಎಂಬ ಅಮೆರಿಕದ ಉದ್ಯಾನಾಚಾರ್ಯನು, ತನ್ನ ಅಂಗಳದ ಚೆಲುವನ್ನು ಬೇಲಿಕಟ್ಟಿ ನೆರೆಯವರಿಂದ ಮರೆಸುವುದು ಕ್ರೈಸ್ತಧರ್ಮಕ್ಕೊಪ್ಪದ ನಡತೆಯೆಂದು ಸಾರಿದನು. ಆ ಮತವು ಹಬ್ಬಿದ ಮೇಲೆ ಹುಲ್ಲನ್ನು ಬೆಳೆಸುವವನೊಬ್ಬನು, ನೋಡುವವನಿನ್ನೊಬ್ಬನು, ದೂರು ಬರೆಯುವವನು ಮೂರನೆಯವನು. ಹಾಸಿನಿಂದ ಲೋಕೋಪಕಾರವಾದುದಕ್ಕೂ ದೃಷ್ಟಾಂತವಿಲ್ಲದಿಲ್ಲ: ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ನರು ಶ್ವೇತಭವನದ ಅಂಗಳಕ್ಕೆ ಕುರಿಮಂದೆಯನ್ನು ಬಿಡಲಾಗಿ, ಅವು ಹುಲ್ಲನ್ನು ಮೇಯ್ದು, ಗೊಬ್ಬರವನ್ನಿತ್ತು, ಉಣ್ಣೆಯ ಹರಾಜಿನಿಂದ ರೆಡ್‌ಕ್ರಾಸ್ ಸಂಸ್ಥೆಗೆ 50,000 ಡಾಲರಿಗೂ ಮೇಲ್ಪಟ್ಟು ಗಳಿಸಿಕೊಟ್ಟವು. ಉಪಾಯವು ಅತಿಸುಲಭವಾಗಿದ್ದುದರಿಂದ ಪಂಡಿತರು ಅದನ್ನು ಕೈಬಿಟ್ಟರು.

ಪರಿಮಾಣವನ್ನು ಕುರಿತು ಹೇಳುವುದಾದರೆ, ಉಪಗ್ರಹಚಿತ್ರಗಳ ಆಧಾರದಿಂದ 2005ರಲ್ಲಿ ಪ್ರಕಟವಾದ ಗಣನೆಯಂತೆ ಅಮೆರಿಕದಲ್ಲಿ ಹುಲ್ಲುಹಾಸು ಆವರಿಸಿರುವ ನೆಲವು ಸುಮಾರು 1,63,000 ಚದರ ಕಿಲೋಮೀಟರು. ಬೀದರಿನಿಂದ ಚಾಮರಾಜನಗರದವರೆಗಿನ ಸಮಸ್ತ ಕರ್ನಾಟಕವೇ 1,91,791. ನೀರಾವರಿಯಿಂದ ಬೆಳೆಯುವ ಅಲ್ಲಿನ ಮುಸುಕಿನ ಜೋಳವು ಆ ಹಾಸಿನ ಮೂರರಲ್ಲೊಂದು ಪಾಲಿನಷ್ಟು ನೆಲವನ್ನು ಮಾತ್ರ ಹಿಡಿದಿದೆ. ಮನೆಬಳಕೆಯ ನೀರಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಪಾಲು ಅಂಗಳಕ್ಕೆ ಸಲ್ಲುತ್ತದೆ. ಗೊಬ್ಬರದ ಕಥೆಯಂತೂ ನ್ಯಾಯಶಾಸ್ತ್ರಕ್ಕೇ ಸವಾಲು. ಗಾಳಿಯ ಸಾರಜನಕವನ್ನು ಬಿಟ್ಟಿಯಾಗಿ ನೆಲಕ್ಕೆ ತಂದುಕೊಡುತ್ತಿದ್ದ ಬಿಳಿಯ ಕ್ಲೋವರ್ ಗಿಡವನ್ನು ಹಿಂದೆ ಹುಲ್ಲಿನ ಬೀಜದೊಡನೆ ಬೇಕೆಂದೇ ಬೆರೆಸುತ್ತಿದ್ದರು. 1940ರ ದಶಕದಲ್ಲಿ 2,4-ಡಿ ಎಂಬ ಕಳೆನಾಶಕವು ಬಂದು, ಅಗಲ ಎಲೆಯವುಗಳನ್ನೆಲ್ಲ ಭೇದವಿಲ್ಲದೆ ಕೊಲ್ಲತೊಡಗಿದಾಗ, ಔಷಧದ ದೋಷವನ್ನು ಒಪ್ಪುವುದಕ್ಕಿಂತ ಕ್ಲೋವರನ್ನೇ ಕಳೆಯೆಂದು ಘೋಷಿಸುವುದು ಲಾಘವವೆಂದು ತೋರಿತು. ಹೀಗೆ ಸಾರಜನಕವನ್ನು ತರುತ್ತಿದ್ದವನನ್ನು ಪಂಕ್ತಿಯಿಂದೆಬ್ಬಿಸಿ, ಅದೇ ಸಾರಜನಕವನ್ನು ಚೀಲದಲ್ಲಿ ಕೊಂಡುತಂದು ಸುರಿಯುವ ಪದ್ಧತಿಯು ಪ್ರಚಾರಕ್ಕೆ ಬಂದಿತು.

ಸುರಿದುದು ಸುರಿದಲ್ಲಿಯೇ ನಿಲ್ಲುವುದಿಲ್ಲ. ಫ್ಲಾರಿಡದ ಪಿನೆಲಸ್ ಪ್ರಾಂತದಲ್ಲಿ ಬೇಸಗೆಯ ಮಳೆಯು ಅದನ್ನು ತೊಳೆದು ಕೊಲ್ಲಿಗೆ ಸೇರಿಸಲು, ಪಾಚಿಯು ಕೊಬ್ಬಿ, ನೀರಿನ ಆಮ್ಲಜನಕವು ತೀರಿ, ಮೀನುಗಳು ಸಾಯುವುವಾದುದರಿಂದ, ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಸಾರಜನಕ ರಂಜಕಗಳ ಗೊಬ್ಬರವನ್ನು ಹುಲ್ಲಿಗೆ ಹಾಕಕೂಡದೆಂದು ಅಲ್ಲಿ ವಿಧಿಯುಂಟು. ಅದೇ ಪ್ರಾಂತದ ಡನೀಡಿನ್ ನಗರದಲ್ಲಿ ಹುಲ್ಲು 10 ಅಂಗುಲವನ್ನು ಮೀರಕೂಡದೆಂಬುದೂ ವಿಧಿ. 2018ರಲ್ಲಿ ಊರಲ್ಲಿಲ್ಲದ ಗೃಹಸ್ಥನೊಬ್ಬನ ಹುಲ್ಲು ಈ ಮೇರೆಯನ್ನು ಲಂಘಿಸಿದುದಕ್ಕಾಗಿ ದಿನಕ್ಕೆ 500 ಡಾಲರಿನಂತೆ ಸುಮಾರು 30,000 ಡಾಲರ್ ದಂಡವೇರಿ, ಮನೆಯನ್ನೇ ಹರಾಜಿಗಿಡುವ ಮಾತು ಬಂದಿತು.

ಇದಕ್ಕಿಂತ ಗಹನವಾದುದು ವಿರೋಧಾಧಿಕರಣ. 2014ರ ಬರಗಾಲದಲ್ಲಿ ನೀರನ್ನು ಪೋಲು ಮಾಡಿದವರಿಗೆ ದಿನಕ್ಕೆ 500 ಡಾಲರಿನವರೆಗೆ ದಂಡವೆಂದು ಕ್ಯಾಲಿಫೋರ್ನಿಯ ರಾಜ್ಯವು ವಿಧಿಸಿತು. ಅದೇ ಬರವನ್ನು ಕಂಡು ನೀರನ್ನು ಕಡಮೆಮಾಡಿದ ಗ್ಲೆಂಡೋರಾ ಎಂಬ ಊರಿನ ದಂಪತಿಗಳಿಗೆ, ಹುಲ್ಲು ಕಂದಿದೆಯಾದ್ದರಿಂದ 500 ಡಾಲರಿನವರೆಗೆ ದಂಡ ಬೀಳಬಹುದೆಂದು ನಗರದಿಂದ ಪತ್ರ ಬಂದಿತು. ಅತಿರಾತ್ರಯಾಗದಲ್ಲಿ ಷೋಡಶೀ ಎಂಬ ಸೋಮಪಾತ್ರೆಯನ್ನು ಹಿಡಿಯಬೇಕೆಂದೂ ಹಿಡಿಯಬಾರದೆಂದೂ ಶ್ರುತಿಯಿರುವಾಗ, ಸಮಬಲದ ವಿಧಿಗಳಲ್ಲಿ ವಿಕಲ್ಪವನ್ನು ಹೇಳತಕ್ಕದ್ದೆಂಬುದು ಮೀಮಾಂಸಕರ ಮತ. ಇಲ್ಲಿ ವಿಕಲ್ಪವೆಂದರೆ ಯಾವ ದಂಡವನ್ನು ತೆರಬೇಕೆಂಬುದರಲ್ಲಿ ಸ್ವಾತಂತ್ರ್ಯವೆಂದರ್ಥ. ಆದರೆ ಮೀಮಾಂಸಾಚಾರ್ಯನಾದ ಜೈಮಿನಿಗೂ ತೋಚದ ಮೂರನೆಯ ಪಕ್ಷವೊಂದನ್ನು ಅಲ್ಲಿನ ವರ್ತಕರು ಕಂಡುಹಿಡಿದು, ಒಣಹುಲ್ಲಿಗೆ ಹಸಿರು ಬಣ್ಣವನ್ನು ಸಿಂಪಡಿಸಿ ಎರಡು ವಿಧಿಗಳನ್ನೂ ಏಕಕಾಲದಲ್ಲಿ ತೃಪ್ತಿಪಡಿಸಿದರು. ಬರದಲ್ಲಿ ಕಂದಿದ ಹುಲ್ಲಿಗೆ ದಂಡ ವಿಧಿಸಕೂಡದೆಂದು ಮನೆಯೊಡೆಯರ ಸಂಘಗಳಿಗೆ ಅದೇ ವರ್ಷವೂ, ನಗರಗಳಿಗೆ ಮರುವರ್ಷವೂ ರಾಜ್ಯವು ಕಟ್ಟುಮಾಡಿದ ಮೇಲೆ ಈ ಅಧಿಕರಣವು ಮುಗಿಯಿತು.

ಸಿದ್ಧಾಂತವನ್ನು ಕಡೆಗೆ ಹೇಳಿದುದು ಮರುಭೂಮಿಯ ನೆವಾಡ. 2021ರ ಅದರ ಶಾಸನದಂತೆ, ಲಾಸ್ ವೇಗಾಸ್ ಸೀಮೆಯಲ್ಲಿ ಯಾರೂ ಆಡದ, ಯಾರೂ ಕೂರದ, ಕತ್ತರಿಸುವವನ ಹೊರತು ಯಾರೂ ಕಾಲಿಡದ ಅಲಂಕಾರದ ಹುಲ್ಲಿಗೆ 2027ರ ಜನವರಿ 1ರಿಂದ ಕೊಲರಾಡೋ ನದಿಯ ನೀರನ್ನು ಹಾಯಿಸುವಂತಿಲ್ಲ. ಒಂಟಿಮನೆಗಳ ಅಂಗಳಗಳಿಗೆ ಮಾತ್ರ ವಿನಾಯಿತಿಯುಂಟು. ಪ್ರಯೋಜನವಿಲ್ಲದುದಕ್ಕೆ ನೀರಿಲ್ಲವೆಂಬ ಈ ಮಾತು ನಮ್ಮೂರಿನ ಯಾವ ರೈತನಿಗೂ ಹೊಸದಲ್ಲ.

ಫಲಶ್ರುತಿ: ಈ ಸಿಂಧುವನ್ನು ಶ್ರದ್ಧೆಯಿಂದ ಪಠಿಸಿ, ಹುಲ್ಲನ್ನು ಮೂರಂಗುಲಕ್ಕಿಂತ ಗಿಡ್ಡಗೆ ಕತ್ತರಿಸದೆ, ಕತ್ತರಿಸಿದುದನ್ನು ಅಲ್ಲಿಯೇ ಕೊಳೆಯಬಿಟ್ಟು, ಕ್ಲೋವರನ್ನು ಮತ್ತೆ ಪಂಕ್ತಿಗೆ ಕರೆದುಕೊಂಡವನಿಗೆ ಗೊಬ್ಬರದ ಖರ್ಚು ಇಳಿದು ಭಾನುವಾರಗಳು ಮರಳಿ ಲಭಿಸುವುವು. ಸಾಗರದಾಚೆಯ ಶಾಸ್ತ್ರವು ನಮಗೇತಕ್ಕೆಂಬ ಬೆಂಗಳೂರಿನ ವಾಚಕರು, 2024ರ ಮಾರ್ಚ್ ತಿಂಗಳಲ್ಲಿ ಕುಡಿಯುವ ನೀರನ್ನು ಕೈದೋಟಕ್ಕೆ ಹಾಯಿಸಿದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಲಿಯು ಆಜ್ಞಾಪಿಸಿದುದನ್ನು ನೆನೆಯತಕ್ಕದ್ದು. ಆದಕಾರಣ ನಮ್ಮ ವಿಜ್ಞಾಪನೆಯಿಷ್ಟೆ: ಮಕ್ಕಳಾಡುವಷ್ಟು ಹುಲ್ಲಿರಲಿ, ಮಿಕ್ಕ ನೆಲದಲ್ಲಿ ನಾಲ್ಕು ಬದನೆಗಿಡಗಳನ್ನು ನೆಟ್ಟು ಕಾಯನ್ನು ನೆರೆಮನೆಗೂ ಕೊಡಿರಿ, ಬದನೆಕಾಯಿ ತಿಂದವನು ದೂರು ಬರೆಯುವುದು ಅಪರೂಪ.