‘ಸದಸ್ಯರೊಬ್ಬರು ಮಾತನಾಡಿದರು’

ಮಳೆನೀರು ಕಾಲುವೆ ವಿಭಾಗದ ಮಾನ್ಯ ಎಂಜಿನಿಯರ್ ಸಾಹೇಬರಿಗೆ,

ನಿಮ್ಮ ಸಲಹಾ ಸಮಿತಿಯ ಸಂಬಳವಿಲ್ಲದ ಸದಸ್ಯನ ನಮಸ್ಕಾರ. ಇವತ್ತು ಹನ್ನೊಂದಕ್ಕೆ ಸಭೆ ಎಂದು ಕರೆದಿದ್ದಿರಿ. ಹತ್ತೂಮುಕ್ಕಾಲಿಗೇ ಬಂದು ಕೂತೆ, ಮೇಷ್ಟ್ರಾಗಿದ್ದವನ ಚಾಳಿ. ಎರಡೂವರೆಗೆ ನಿಮ್ಮ ಜವಾನ ಬಂದು, ‘ಸಾಹೇಬ್ರು ಸೈಟಿಗೆ ಹೋಗವ್ರೆ, ಮುಂದಿನ ತಿಂಗಳು ನೋಡೋಣ ಅಂದ್ರು’ ಎಂದ. ಯಾವ ಸೈಟು ಎಂದು ನಾನು ಕೇಳಲಿಲ್ಲ. ಬೆಂಗಳೂರಿನಲ್ಲಿ ಆ ಪದಕ್ಕೆ ಎರಡು ಅರ್ಥ.

ಕಾದ ಹೊತ್ತಿನಲ್ಲಿ ಹೋದ ಸಭೆಯ ನಡಾವಳಿ ಓದಿದೆ. ಅವತ್ತು ಇಪ್ಪತ್ತು ನಿಮಿಷ ಗಂಟಲು ಹರಿದುಕೊಂಡಿದ್ದೆ. 30×40 ಸೈಟಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು ಐದೂವರೆ ಸಾವಿರ ಲೀಟರ್ ನೀರು. ಅಂಥ 80 ಸೈಟಿನ ನೀರು ಒಟ್ಟಿಗೆ ಬೀದಿಗಿಳಿದರೆ ನಾಲ್ಕು ಲಕ್ಷ ಲೀಟರ್ ದಾಟುತ್ತದೆ. 2009ರಲ್ಲೇ ಮಳೆಕೊಯ್ಲಿಗೆ ಕಾನೂನು ಬಂದ ಊರಿನಲ್ಲಿ ಎಷ್ಟು ಇಂಗುಗುಂಡಿಗಳಲ್ಲಿ ನಿಜಕ್ಕೂ ನೀರು ಇಂಗುತ್ತಿದೆ, ಮನೆಮನೆಗೆ ಹೋಗಿ ನೋಡೋಣ ಎಂದಿದ್ದೆ. ನಡಾವಳಿಯಲ್ಲಿ ಇದೆಲ್ಲ ಹೀಗಿದೆ: ‘ಸದಸ್ಯರೊಬ್ಬರು ಮಾತನಾಡಿದರು.’ ಮುಂದಿನ ಸಾಲಿಗೆ ಮಾತ್ರ ಲೆಕ್ಕ ಪಕ್ಕಾ: ತಲಾ ಕೋಡುಬಳೆ 2, ಬಾದಾಮಿ ಹಾಲು 1.

ಹೋಗಲಿ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು, 2022ರಲ್ಲಿ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅದೆಲ್ಲ ನಿಮ್ಮೊಬ್ಬರ ತಲೆಗೆ ಕಟ್ಟುವುದಿಲ್ಲ. ನಾನು ಕೇಳುವುದು ಹೂಳಿನ ವಿಷಯ, ಅದೊಂದೇ.

ಏಪ್ರಿಲಿನಲ್ಲಿ ಜೆಸಿಬಿ ಬಂತು. ನಮ್ಮ ಬೀದಿಯ ಕೊನೆಯ ರಾಜಕಾಲುವೆಯಿಂದ ಹೂಳೆತ್ತಿ ದಂಡೆಯ ಮೇಲೇ ಗುಡ್ಡೆ ಹಾಕಿತು. ಟಿಪ್ಪರ್ ನಾಳೆ ಬರುತ್ತದೆ ಎಂದರು. ನಾಳೆ ಬಂದದ್ದು ಮಳೆ. ಗುಡ್ಡೆ ಜಾರಿ ತನ್ನ ಮನೆಗೆ ತಾನೇ ವಾಪಸ್ ಹೋಯಿತು. ಜೂನಿನಲ್ಲಿ ಮತ್ತೆ ಜೆಸಿಬಿ, ಅದೇ ಹೂಳು, ಅದೇ ದಂಡೆ, ಅದೇ ಬಾರದ ಟಿಪ್ಪರ್. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ. ಆ ಹೂಳಿನಲ್ಲಿ ಕಂಠ ಮುರಿದ ನೀಲಿ ಬಿಂದಿಗೆಯೊಂದಿದೆ. ಮೂರು ಸಲ ಮೇಲೆ ಬಂದಿದೆ, ಎರಡು ಸಲ ಕೆಳಗೆ ಹೋಗಿದೆ. ಈಗ ನಮಗಿಬ್ಬರಿಗೂ ಮುಖಪರಿಚಯ. ಮೂರು ಸಲವೂ ಅಳತೆ ಪುಸ್ತಕದಲ್ಲಿ ಅದನ್ನು ಹೊಸ ಹೂಳೆಂದೇ ಬರೆದಿದ್ದೀರಾ, ಮೂರು ಸಲವೂ ಬಿಲ್ಲಾಯಿತಾ ಎಂದು ಸಭೆಯಲ್ಲಿ ಕೇಳಿದೆ. ಉತ್ತರ ನಿಮಗೆ ಗೊತ್ತೇ ಇದೆ: ಸದಸ್ಯರೊಬ್ಬರು ಮಾತನಾಡಿದರು.

ಸ್ವಾಮಿ, ಎತ್ತಿದ ಹೂಳನ್ನು ದಂಡೆಯ ಮೇಲೆ ಬಿಡಬಾರದು. ಇಷ್ಟು ಹೇಳಲು ಸಮಿತಿ ಬೇಕೇ? ಕೆರೆಯ ಹೂಳನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆದು ಗೊಬ್ಬರ ಮಾಡಿಕೊಂಡ ಓದುಬರಹವಿಲ್ಲದ ರೈತನಿಗೆ ಗೊತ್ತಿತ್ತು. ಹಿತ್ತಿಲ ಮೋರಿ ಬಳಿಯುತ್ತಿದ್ದ ನಮ್ಮಜ್ಜಿಗೆ ಗೊತ್ತಿತ್ತು. ನಿಮಗೂ ಗೊತ್ತು. ಗೊತ್ತಿದ್ದೇ ಬಿಟ್ಟಿದ್ದೀರಿ. ಹೋದ ವಾರ ಮೂಲೆಮನೆಯಮ್ಮನ ನಡುಮನೆಯಲ್ಲಿ ಮೊಣಕಾಲುದ್ದ ನೀರು, ತಿಂಗಳ ಅಕ್ಕಿ ನೆಂದು ಹಾಳು. ಆಕೆ ನಿಮಗೆ ಫೋನ್ ಮಾಡಲಿಲ್ಲ, ನನಗೆ ಮಾಡಿದರು. ‘ಕಮಿಟೀಲಿ ನೀವೇ ಇದೀರಲ್ಲ ಮೇಷ್ಟ್ರೇ’ ಎಂದರು. ಏನು ಹೇಳಲಿ? ನಾಚಿಕೆಯಾಯಿತು. ಈ ಸಮಿತಿ ಯಾಕೆ ಮಾಡಿದಿರಿ ಎಂಬುದೂ ಆಗಲೇ ಹೊಳೆಯಿತು. 2020ರಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ಬೈಸಿಕೊಳ್ಳಲು ಒಬ್ಬ ಆಳು ಬೇಕಿತ್ತು. ಎರಡು ಕೋಡುಬಳೆಗೆ ಸಿಕ್ಕಿದೆ.

ರಾಜೀನಾಮೆ ಬರೆಯಲೆಂದೇ ಕೂತಿದ್ದೆ. ಬರೆಯುವುದಿಲ್ಲ. ಬರುವಾಗ ದಾರಿಯಲ್ಲಿ ದಂಡೆಗಿಳಿದು ಆ ಬಿಂದಿಗೆಯನ್ನು ಎತ್ತಿಕೊಂಡು ಬಂದಿದ್ದೇನೆ. ನಮ್ಮ ಮನೆಯವರು ಒಳಗೆ ಸೇರಿಸಲಿಲ್ಲ, ಅದನ್ನೋ ನನ್ನನ್ನೋ ತಿಳಿಯದು. ತೊಳೆದು ಜಗಲಿಯ ಮೇಲಿಟ್ಟಿದ್ದೇನೆ. ಮುಂದಿನ ಸಭೆಗೆ ಅದೂ ಬರುತ್ತದೆ, ಒಂದು ಕುರ್ಚಿ ಹೆಚ್ಚಿಗೆ ಹಾಕಿಸಿ. ನಿಮ್ಮ ಕಾಲುವೆಯ ಒಳಗು ಅದಕ್ಕೆ ಗೊತ್ತಿರುವಷ್ಟು ನಮಗ್ಯಾರಿಗೂ ಗೊತ್ತಿಲ್ಲ.

ಕೋಡುಬಳೆ ನಾಲ್ಕು ಹೇಳಿರಿ.

ಇಂತಿ,
ಮಾತನಾಡಿದ ಸದಸ್ಯ