ವಿದ್ಯಾರ್ಥಿನಿಲಯಗಳಲ್ಲಿ ವೈಫೈ ಸಂಚಾರ: ಒಂದು ಅಧ್ಯಯನ

ಶೀರ್ಷಿಕೆಯ ಕೊನೆಯ ಎರಡು ಪದಗಳಿಲ್ಲದೆ ಕನ್ನಡದಲ್ಲಿ ಯಾವ ಸಂಶೋಧನೆಯೂ ಗೈಡಿನ ಮೇಜು ದಾಟುವುದಿಲ್ಲವಾದ್ದರಿಂದ ಅವನ್ನು ಮೊದಲೇ ಸೇರಿಸಿದ್ದೇನೆ. ಅಧ್ಯಯನದ ವ್ಯಾಪ್ತಿ ತುಮಕೂರು, ಗುಬ್ಬಿ ಮತ್ತು ಕುಣಿಗಲ್. ಮೂರೇ ಊರು ಯಾಕೆಂಬ ಆಕ್ಷೇಪಕ್ಕೆ ಸಮಾಧಾನ ಹೀಗಿದೆ: 2.4 ಗಿಗಾಹರ್ಟ್ಸ್ ವೈಫೈಗೆ ನಮ್ಮಲ್ಲಿ 13 ಚಾನಲ್ಲುಗಳಿದ್ದರೂ ಒಂದರ ಕಾಲನ್ನು ಇನ್ನೊಂದು ತುಳಿಯದಂತೆ ಕೂರಿಸಲು ವಾಡಿಕೆಯಲ್ಲಿ ಸಿಗುವುದು 1, 6, 11 ಎಂಬ ಮೂರೇ. ಶಾಸ್ತ್ರಕ್ಕೆ ಸಾಕಾದ ಸಂಖ್ಯೆ ಸಂಶೋಧಕನಿಗೂ ಸಾಕು. ನಾನು ನೋಡಿದ ಹಾಸ್ಟೆಲಿನಲ್ಲಿ ಮಾತ್ರ ಅಷ್ಟೂ ವೈಫೈ ಡಬ್ಬಗಳು 6ರಲ್ಲೇ ಕೂತಿದ್ದವು, ಮೂವರು ಮೇಷ್ಟ್ರು ಒಂದೇ ಕೊಠಡಿಯಲ್ಲಿ ಒಟ್ಟಿಗೆ ಪಾಠ ಶುರುಮಾಡಿದ ಹಾಗೆ.

ಪ್ರಮುಖ ಆಕರ ಒಂದು ಶಾಸನ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯದ್ದೇ. ಆದರೂ ಇದು ಅವರ ಕಣ್ಣಿಗೆ ಬಿದ್ದಿಲ್ಲ. ದೊರೆತದ್ದು ತುಮಕೂರಿನ ಬಿ.ಎಚ್. ರಸ್ತೆಗೆ ಕೂಗಳತೆಯಲ್ಲಿರುವ ಒಂದು ಹಾಸ್ಟೆಲಿನಲ್ಲಿ, ಎರಡನೇ ಮಹಡಿಗೆ ಹತ್ತುವ ಮೆಟ್ಟಿಲಿನ ತಿರುವಿನಲ್ಲಿ. ಹಾಸ್ಟೆಲಿನ ಹೆಸರು ಬೇಡ. ಸುಣ್ಣದ ಗೋಡೆ, ಇದ್ದಿಲ ಬರಹ, ಭಾಷೆ ಹೊಸಗನ್ನಡಕ್ಕಿಂತಲೂ ಹೊಸತು. ನೆತ್ತಿಯಲ್ಲಿ ವಾಡಿಕೆಯ ಸೂರ್ಯಚಂದ್ರರ ಬದಲು ಒಂದು ಚುಕ್ಕೆ, ಅದರ ಮೇಲೆ ಮೂರು ಕಮಾನು. ಪಾಠ ಇಷ್ಟು:

"ಇಲ್ಲಿ ನಿಂತ್ರೆ ಮೂರು ಕಡ್ಡಿ. ಬಲಗಡೆ ತಿರುಗಬ್ಯಾಡ. ಅಳ್ಸಿದೋನು ಸಪ್ಲಿಮೆಂಟರಿ ಕಟ್ಲಿ."

ಮೂರನೆಯ ವಾಕ್ಯ ಶಾಪಾಶಯ. ಹಿಂದಿನವರು ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ತಟ್ಟಲೆಂದು ಕೆತ್ತಿಸುತ್ತಿದ್ದರು. ಪಾಪ ಬದಲಾಗಿದೆ, ನಡುಕ ಅಷ್ಟೇ ಇದೆ. ಎರಡನೆಯ ವಾಕ್ಯಕ್ಕೆ ರಾಜಕೀಯ ಅರ್ಥ ಹಚ್ಚುವವರಿದ್ದಾರೆ, ಅದು ಸಲ್ಲದು. ಬಲಗಡೆ ಕಬ್ಬಿಣದ ಬೀರು ಇದೆ. ತರಂಗ ಅದಕ್ಕೆ ತಾಗಿದರೆ ಕನ್ನಡಿಗೆ ಬಿದ್ದ ಬೆಳಕಿನಂತೆ ವಾಪಸು. ಸಾಲದ್ದಕ್ಕೆ, ತಿರುಗಿದವನ ಮೈಯೇ ಡಬ್ಬಕ್ಕೂ ಫೋನಿಗೂ ಅಡ್ಡ. ಮನುಷ್ಯನ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ನೀರು ಈ ತರಂಗವನ್ನು ಕುಡಿಯುತ್ತದೆ. ಬರೆದವನು ಇದನ್ನೆಲ್ಲ ಓದಿದವನಲ್ಲ, ನಿಂತು ಕಂಡುಕೊಂಡವನು. ಬರಹದ ಪಕ್ಕದಲ್ಲೇ ತಲೆಯೆತ್ತರಕ್ಕೆ ಸುಣ್ಣ ಸವೆದು, ಕೊಬ್ಬರಿ ಎಣ್ಣೆ ಹೀರಿ ಕರ್ರಗಾದ ತಟ್ಟೆ ಇಡ್ಲಿಯಷ್ಟು ಅಗಲದ ಒಂದು ಗುಂಡು ಗುರುತು ಇದೆ. ಎಷ್ಟು ಸೆಮಿಸ್ಟರುಗಳ ತಲೆ ಅಲ್ಲಿ ಒರಗಿತ್ತೋ!

ಇನ್ನು ಪೂರ್ವಪಕ್ಷ, ಅಂದರೆ ಕಚೇರಿಯ ಯೋಜನೆ. 'ಮಹಡಿಗೆ ಎರಡರಂತೆ' ಎಂಬುದೇ ಅದರ ಸಾರ. ಡಬ್ಬಗಳು ಕಾರಿಡಾರಿನ ಚಾವಣಿಯಲ್ಲಿವೆ, ಒಂದಂತೂ ವಾರ್ಡನ್ ಬಾಗಿಲ ನೆತ್ತಿಯ ಮೇಲೆ. ಬಿಲ್ಲು ಪಾಸು ಮಾಡಲು ಬಂದವರು ನಡೆದುಕೊಂಡೇ ಎಣಿಸಿಬಿಡಬಹುದು. ಕಾರಿಡಾರಿನಲ್ಲಿ ಮಲಗುವ ಬೆಕ್ಕಿಗೆ 5 ಗಿಗಾಹರ್ಟ್ಸಿನ ಸಕಲ ಸೌಭಾಗ್ಯ. ಅದರ ತರಂಗ ಸುಮಾರು 6 ಸೆಂಟಿಮೀಟರಿನದು. ವೇಗ ಹೆಚ್ಚು, ಗೋಡೆ ಕಂಡರೆ ಎದೆಗಾರಿಕೆ ಕಡಿಮೆ. ನಮ್ಮ ಕಡೆಯ ಸೈಜುಗಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ ಸುಸ್ತು. ಸಿಗ್ನಲ್ಲಿನ ಅಳತೆಯೇ ಮೈನಸ್ಸಿನಲ್ಲಿ: ಮೈನಸ್ 67ರ ಆಸುಪಾಸಿದ್ದರೆ ಅಮ್ಮನ ಮುಖ ವಿಡಿಯೋದಲ್ಲಿ ಅಲುಗಾಡುತ್ತದೆ, ಮೈನಸ್ 80 ದಾಟಿದರೆ ಕಡ್ಡಿ ಕಾಣುತ್ತದೆ, ಅಮ್ಮ ಕಾಣುವುದಿಲ್ಲ.

"ಡಬ್ಬ ಒಳ್ಳೇದೇ ಕಣಪ್ಪ, ನಾನೇ ಚೆಕ್ ಮಾಡಿದೀನಿ" ಎಂದರು ವಾರ್ಡನ್.

"ಎಲ್ಲಿ ಚೆಕ್ ಮಾಡಿದ್ರಿ ಸಾರ್?"

"ಅದರ ಕೆಳಗೇ."

ಸರ್ವೆಯೂ ನಡೆದಿತ್ತು, ದಸರಾ ರಜೆಯಲ್ಲಿ. ಕೊಠಡಿಗಳು ಖಾಲಿ, ಹುಡುಗರೆಂಬ ನೀರಿನ ಹಂಡೆಗಳು ಊರಲ್ಲಿ. ನಕ್ಷೆಯ ತುಂಬ ಹಸಿರು ಬಣ್ಣ ಬಂತು, ಬಾರದೆ ಇನ್ನೇನು?

ಡಬ್ಬ ಹತ್ತಿರವಿದ್ದೂ ಯಾಕೆ ನಿಧಾನ ಎಂಬ ಗಹನ ಪ್ರಶ್ನೆಗೆ ಉತ್ತರ ಕ್ಯಾತ್ಸಂದ್ರದ ಕಡೆ ಇದೆ. ಸಾವಿರಾರು ಮಕ್ಕಳಿಗೆ ದಾಸೋಹ ನಡೆಸುವ ಸಿದ್ಧಗಂಗೆ ಇರುವ ಸೀಮೆಯಿದು, ಪಂಕ್ತಿಯ ರೀತಿ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಒಬ್ಬ ತಾತ ಹಪ್ಪಳವನ್ನು ನೆನೆಸಿ ನೆನೆಸಿ ತಿನ್ನುತ್ತಿದ್ದರೆ ಮಿಕ್ಕವರೆಲ್ಲ ಎಂಜಲು ಕೈ ಒಣಗಿಸಿಕೊಂಡು ಕೂತಿರಬೇಕು. ವೈಫೈಯೂ ಹಾಗೇ. ಒಂದು ಚಾನಲ್ಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಮೂಲೆ ಕೋಣೆಯ ಹಳೇ ಫೋನು ನಿಧಾನವಾಗಿ ತೊದಲುವಷ್ಟು ಹೊತ್ತೂ ಹೊಸ ಫೋನಿನವನು ಕಾಯಬೇಕು. ತಾತನನ್ನು ಎಬ್ಬಿಸುವಂತಿಲ್ಲ. ಅವನ ಎಲೆಯನ್ನು ಬಡಿಸುವವನ ಹತ್ತಿರಕ್ಕೆ ಹಾಕಬಹುದಿತ್ತು, ಅಷ್ಟೇ.

ಹಾಗಾದರೆ ಡಬ್ಬದ ಶಕ್ತಿಯನ್ನೇ ಏರಿಸಿದರಾಯಿತಲ್ಲ ಎನ್ನುವವರು ಒಮ್ಮೆ ಗುಬ್ಬಿಗೆ ಹೋಗಿಬರಬೇಕು. 1884ರಲ್ಲಿ ಶುರುವಾಗಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಸುತ್ತಿದ ನಾಟಕ ಕಂಪನಿಯ ಊರು ಅದು. ಮೈಕಿಲ್ಲದ ದಿನಗಳಲ್ಲಿ ಕಟ್ಟಕಡೆಯ ಸಾಲಿಗೂ ಮಾತು ಮುಟ್ಟಿಸುವುದು ಕಂಪನಿ ನಟರ ಕಸುಬು. ಆದರೆ ರಂಗದ ಮೇಲಿನ ಭೀಮ ಎಷ್ಟೇ ಅಬ್ಬರಿಸಲಿ, ಹಿಂದಿನವನ 'ವನ್ಸ್ ಮೋರ್' ಅವನ ಕಿವಿಗೆ ಬೀಳಬೇಕಲ್ಲ. ಡಬ್ಬ ಕಿರುಚಬಲ್ಲದು, ಜೇಬಿನ ಫೋನಿಗೆ ಅಷ್ಟು ಗಂಟಲಿಲ್ಲ. ಆದ್ದರಿಂದಲೇ ಕಡ್ಡಿ ತುಂಬಿರುತ್ತದೆ, ಅಸೈನ್‌ಮೆಂಟ್ ಹೋಗುವುದಿಲ್ಲ. ಮತ್ತೊಂದು ವ್ಯತ್ಯಾಸವೂ ಉಂಟು. ಹಿಂದಿನ ಸಾಲಿಗೆ ಕೇಳದಿದ್ದರೆ ಕಂಪನಿಗೆ ಮರುದಿನ ಗಲ್ಲಾಪೆಟ್ಟಿಗೆಯಲ್ಲೇ ತಿಳಿಯುತ್ತಿತ್ತು. ಹಾಸ್ಟೆಲಿನಲ್ಲಿ ಫೀಸು ಜೂನ್ ತಿಂಗಳಲ್ಲೇ ಕಟ್ಟಿಸಿಕೊಂಡಿರುತ್ತಾರೆ.

ಸಿದ್ಧಾಂತ ಕುಣಿಗಲ್ಲಿನದು. ಟಿಪ್ಪುವಿನ ಕಾಲದಿಂದ ಅಲ್ಲಿ ಕುದುರೆ ಫಾರಂ ಇದೆ. ಲಾಯದಲ್ಲಿ ಒಂದೊಂದು ಕುದುರೆಗೂ ಅದರದೇ ಅಂಕಣ, ಅದರೊಳಗೇ ಹುಲ್ಲು. ಇಡೀ ಲಾಯದ ಹುರುಳಿಯನ್ನು ಮೇಲ್ವಿಚಾರಕರ ಬಾಗಿಲಲ್ಲಿ ಸುರಿದು, 'ವಾಸನೆ ಬರುತ್ತಲ್ಲ, ಸಾಕು' ಎಂದು ಯಾರೂ ಕಡತ ಮಂಡಿಸಿಲ್ಲ. ಕುದುರೆಗೆ ರೇಸಿನಲ್ಲಿ ಬೆಲೆ ಉಂಟು. ಲಾಯದಂತೆಯೇ ಸಣ್ಣ ಶಕ್ತಿಯ ಡಬ್ಬಗಳನ್ನು ಕೋಣೆಗಳ ಒಳಗೇ, ಒಂದು ಬಿಟ್ಟು ಒಂದರಂತೆ, ಚಾನಲ್ ಬದಲಿಸುತ್ತ ಇಡಿ ಎಂಬುದನ್ನು ನಾನು ಒಂಬತ್ತು ಪುಟದಲ್ಲಿ ಬರೆದುಕೊಟ್ಟೆ. 'ಕಡತಕ್ಕೆ ಸೇರಿಸಿ' ಎಂಬ ಷರಾ ಬಂತು.

ಪರಿಶೀಲನಾ ಸಮಿತಿ ಬರುತ್ತದೆಂದು ಈಚೆಗೆ ಹಾಸ್ಟೆಲಿಗೆ ಸುಣ್ಣ ಹೊಡೆಸಿದರು. ಶಾಸನ ಹೋಯಿತು, ಎಣ್ಣೆಯ ಗುರುತೂ ಹೋಯಿತು. ಸುಣ್ಣ ಹೊಡೆದವನು ಯಾವ ಪರೀಕ್ಷೆಗೂ ಕೂತವನಲ್ಲವಾದ್ದರಿಂದ ಶಾಪ ಅವನಿಗೆ ತಟ್ಟಿರಲಾರದು. ಅದೇ ಭರದಲ್ಲಿ ವಾರ್ಡನ್ ಬಾಗಿಲ ಮೇಲಿನ ಡಬ್ಬವನ್ನು ಚೆಂದ ಕಾಣಲೆಂದು ಸ್ವಲ್ಪ ಆಚೆಗೆ ಸರಿಸಿದ್ದರು. ವಾರದ ನಂತರ ಹೋದಾಗ ಹೊಸ ಸುಣ್ಣದ ಮೇಲೆ ಬೇರೆ ಕೈಬರಹದ ಇದ್ದಿಲು:

"ಎರಡು ಮೆಟ್ಲು ಕೆಳಗೆ ಬಾ."